ಹುಣಸೆಹಣ್ಣಿನಲ್ಲಿ ತೊಳೆದ ಕಾರ್ಬುರೇಟರ್

ಹಳೆಯ ಪೆಟ್ರೋಲಿನ ವಾಸನೆ ಬಂಕಿನಲ್ಲಿ ಮೂಗಿಗೆ ಬಡಿಯುವ ವಾಸನೆಯಂಥದಲ್ಲ. ಮುಚ್ಚಿದ ಲೋಹದ ಬಟ್ಟಲಿನಲ್ಲಿ ಇಪ್ಪತ್ತು ಮೂವತ್ತು ವರ್ಷ ನಿಂತು, ಆರಿಹೋಗುವುದೆಲ್ಲ ಆರಿಹೋಗಿ, ಮಿಕ್ಕದ್ದು ಕಂದು ಅಂಟಾಗಿ ತಳ ಹಿಡಿದಾಗ ಅದಕ್ಕೆ ಕೊಳೆತ ಹಣ್ಣಿಗೆ ವಾರ್ನಿಷ್ ಬಳಿದಂಥ ವಾಸನೆ ಬರುತ್ತದೆ. ನನ್ನ ಹೈಸ್ಕೂಲಿನ, ಯೂನಿವರ್ಸಿಟಿಯ ವರ್ಷಗಳನ್ನು ನೆನೆದರೆ ಮೊದಲು ಬರುವುದು ಅದೇ. ಮಿಸಿಸಾಗ ಊರಿನ ಬಡಾವಣೆಯಾದ ಎರಿನ್ ಮಿಲ್ಸ್‌ನ ನಮ್ಮ ಮನೆಯಲ್ಲಿ ಗ್ಯಾರೇಜಿನ ಒಳಬಾಗಿಲು ಅಡುಗೆಮನೆಗೆ ತೆರೆದುಕೊಳ್ಳುತ್ತಿತ್ತು. ಅನ್ನದ ಆವಿಯಲ್ಲಿ ಆ ವಾಸನೆ ಬೆರೆಯುತ್ತಿತ್ತು, ಚಳಿಗಾಲದ ಕೋಟುಗಳಿಗೆ ಹಿಡಿಯುತ್ತಿತ್ತು. ಬಸ್ಸಿನಲ್ಲಿ ಪಕ್ಕದವರು ಎದ್ದು ಬೇರೆ ಸೀಟಿಗೆ ಹೋದರೆ ಅದು ನನ್ನನ್ನು ಕಂಡೋ ಕೋಟಿನ ವಾಸನೆಗೋ ಎಂದು ನನಗೆ ತಿಳಿಯುತ್ತಿರಲಿಲ್ಲ. ಕೋಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ ನನ್ನ ಕೋಣೆಯಲ್ಲಿ ಇಡತೊಡಗಿದೆ. ಯಾರಿಗೂ ಕಾರಣ ಹೇಳಲಿಲ್ಲ.

ಆ ಗ್ಯಾರೇಜಿನೊಳಗೆ ಕಾರು ನಿಂತದ್ದನ್ನು ನಾನು ನೋಡಿಲ್ಲ. ನಮ್ಮ ಕಾರು ಹೊರಗೆ ಹಿಮದಲ್ಲಿರುತ್ತಿತ್ತು. ಒಳಗೆ ಅಪ್ಪನ ಬೆಂಚು, ಬೆಂಚಿನ ಮೇಲೆ ಕಾರ್ಬುರೇಟರುಗಳು. ಈಗಿನ ಕಾರುಗಳಲ್ಲಿ ಆ ಭಾಗವೇ ಇಲ್ಲ. ಆಗಿನ ಎಂಜಿನ್ನುಗಳ ನೆತ್ತಿಯ ಮೇಲೆ ಕೂತು, ಪೆಟ್ರೋಲನ್ನು ಗಾಳಿಯೊಡನೆ ತಕ್ಕಷ್ಟು ಬೆರೆಸಿ ಕೆಳಗೆ ಬಿಡುವುದು ಅದರ ಕೆಲಸ. ದೊಡ್ಡ ಅಮೆರಿಕನ್ ಕಾರುಗಳ ಕಾರ್ಬುರೇಟರಿಗೆ ನಾಲ್ಕು ಗಂಟಲು. ಎರಡು ಯಾವಾಗಲೂ ತೆರೆದಿರುತ್ತವೆ. ಪೆಡಲನ್ನು ಪೂರ್ತಿ ಒತ್ತಿದಾಗ ಇನ್ನೆರಡು ಬಾಯಿ ಬಿಡುತ್ತವೆ. ಎಷ್ಟು ಕುಡಿದರೂ ಸಾಲದು ಎನ್ನುವ ಪ್ರಾಣಿಯ ಹಾಗೆ ಅದು ನನಗೆ ಕಾಣುತ್ತಿತ್ತು.

ಅಪ್ಪ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸ ಕಲಿತವನು. ನನಗೆ ಎಂಟು ವರ್ಷವಾದಾಗ ನಮ್ಮನ್ನು ಕರೆದುಕೊಂಡು ಅಮೆರಿಕದ ಮಗ್ಗುಲಿನ ಈ ದೇಶಕ್ಕೆ ಬಂದು, ಮಿಸಿಸಾಗದ ಒಂದು ಕಾರ್ಖಾನೆಯಲ್ಲಿ ಉಪಕರಣ ತಯಾರಿಸುವ ಟೂಲ್‌ರೂಮ್ ಸೇರಿದ. ಅಲ್ಲಿಗೆ ಹಳೆಯ ಕಾರುಗಳನ್ನು ದುರಸ್ತಿ ಮಾಡುವ ಒಬ್ಬ ಬಿಳಿಯ ಒಮ್ಮೆ ಯಾವುದೋ ಭಾಗ ಹಿಡಿದು ಬಂದ. ಎಲ್ಲೂ ಸಿಗದ ಅದರ ತುಂಡೊಂದನ್ನು ಅಪ್ಪ ಮಾಡಿಕೊಟ್ಟ. ಆಮೇಲೆ ಭಾನುವಾರಗಳಂದು ನಮ್ಮ ಗ್ಯಾರೇಜಿಗೆ ಗಂಡಸರು ಬರತೊಡಗಿದರು.

ಅವರು ಬೂಟು ಕಳಚುತ್ತಿರಲಿಲ್ಲ. ಅಡುಗೆಮನೆಯ ಮೂಲಕವೇ ಬಚ್ಚಲಿಗೆ ಹೋಗಿ ಬರುತ್ತಿದ್ದರು, ಅವ್ವ ಒಣಹಾಕಿದ ಪಾತ್ರೆಯ ಬಟ್ಟೆಗೆ ಕೈ ಒರೆಸುತ್ತಿದ್ದರು. ಕಾರ್ಬುರೇಟರಿನ ಬಟ್ಟಲು ಬಿಚ್ಚಿದಾಗ ಒಬ್ಬೊಬ್ಬರಾಗಿ ಬಗ್ಗಿ ಮೂಸಿ, ಕಣ್ಣು ಮುಚ್ಚಿ ತಲೆಯಾಡಿಸುತ್ತಿದ್ದರು. ಒಬ್ಬ ತಂದುಕೊಟ್ಟ ಕ್ಯಾಲೆಂಡರಿನಲ್ಲಿ ಕಾರಿನ ಬಾನೆಟ್ಟಿಗೆ ಒರಗಿ ನಿಂತ ಹೆಂಗಸಿದ್ದಳು, ಮೈಮೇಲೆ ಹೆಚ್ಚೇನೂ ಇರಲಿಲ್ಲ. ಅವ್ವ ಹತ್ತಿರದ ಊರಾದ ರಿಚ್ಮಂಡ್ ಹಿಲ್‌ನ ದೇವಸ್ಥಾನದ ಕ್ಯಾಲೆಂಡರನ್ನು ಅದರ ಮೇಲೆ ತೂಗುಹಾಕಿದಳು. ವರ್ಷವಿಡೀ ದೇವರ ಚಿತ್ರದ ಕೆಳಗೆ ಆ ಹೆಂಗಸಿನ ಎರಡು ಪಾದಗಳು ಕಾಣುತ್ತಿದ್ದವು.

ಒಂದು ಶನಿವಾರ ಅಪ್ಪ ಒಂದು ಏರ್ ಕ್ಲೀನರನ್ನು, ಎಂದರೆ ಕಾರ್ಬುರೇಟರಿನ ಮೇಲೆ ಕೂರುವ ತಟ್ಟೆಯಾಕಾರದ ಡಬ್ಬಿಯನ್ನು, ಊಟದ ಮೇಜಿನ ಮೇಲೆ ಪೇಪರ್ ಹಾಸಿ ಬಿಚ್ಚಿದ. ಎಲ್ಲೋ ಹಳ್ಳಿಯ ಕೊಟ್ಟಿಗೆಯಲ್ಲಿ ವರ್ಷಗಟ್ಟಲೆ ನಿಂತ ಕಾರಿನದು ಅದು. ಒಳಗೆ ಇಲಿಯ ಗೂಡು. ಸೀಟಿನ ಹತ್ತಿ, ಹುಲ್ಲು, ಹಿಕ್ಕೆ. ನಡುವೆ ಕಡಲೆಕಾಯಿಯಷ್ಟು ದೊಡ್ಡ, ಒಣಗಿ ಚರ್ಮ ಅಂಟಿದ ಮೂರು ಮರಿಗಳು.

"ಏನ್ರೀ ಇದು, ಊಟಾ ಮಾಡೂ ಜಾಗಾದಾಗ?" ಎಂದಳು ಅವ್ವ.

"ಒಂದ ನಿಮಿಷ ತಡಿ. ಬೆಳಕ ಇಲ್ಲೇ ಚಲೋ ಐತಿ."

"ಬೆಳಕ ಚಲೋ ಐತಿ ಅಂತ ನಾಳೆ ನನ್ನ ದೇವರ ಕ್ವಾಣ್ಯಾಗ ಕುಂದ್ರತೀರಿ."

ಅಪ್ಪ ನಕ್ಕ. ನಾನು ಆ ಮೇಜಿನ ಮೇಲೆ ಆಮೇಲೆ ಒಂದು ತಿಂಗಳು ಊಟ ಮಾಡಲಿಲ್ಲ. ತಟ್ಟೆ ಹಿಡಿದು ಮೆಟ್ಟಿಲ ಮೇಲೆ ಕೂರುತ್ತಿದ್ದೆ.

ಆ ಗಂಡಸರೆಲ್ಲ ಹುಡುಕುತ್ತಿದ್ದದ್ದು ನಂಬರುಗಳನ್ನು. ಅರವತ್ತರ ದಶಕದ ಕೊನೆಗೆ ಅಮೆರಿಕದ ಕಾರ್ಖಾನೆಗಳು ಸಾಧಾರಣ ಮಾದರಿಯ ಕಾರುಗಳಲ್ಲೇ ಕೆಲವಕ್ಕೆ, ಕೇಳಿದವರಿಗೆ ಮಾತ್ರ, ಹೆಚ್ಚು ಶಕ್ತಿಯ ಎಂಜಿನ್ನು ಕೂರಿಸಿ ಕೊಡುತ್ತಿದ್ದವು. ಹೊರಗಿನಿಂದ ನೋಡಿದರೆ ಎರಡೂ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸವಿದ್ದದ್ದು ಒಳಗಿನ ಅಳತೆಗಳಲ್ಲಿ, ಮತ್ತು ಕಾರ್ಖಾನೆಯವರು ಲೋಹದ ಮೇಲೆ ಗುದ್ದಿದ ಅಂಕಿಗಳಲ್ಲಿ. ಎಂಜಿನ್ನಿನ ಮೇಲೆ ಒಂದು ಸಾಲು, ಕಾರ್ಬುರೇಟರಿನ ಕತ್ತಿನ ಮೇಲೆ ಒಂದು ಸಾಲು. ಈ ಅಂಕಿಗಳು ಕಾರಿನ ಸ್ವಂತ ನಂಬರಿಗೂ ಅದು ತಯಾರಾದ ತಿಂಗಳಿಗೂ ಹೊಂದಿದರೆ ಆ ಕಾರು ಅಸಲಿ. ಒಂದು ತಪ್ಪಿದರೂ ಅವರ ಮುಖ ಬಾಡುತ್ತಿತ್ತು. ಕಾರು ಓಡುತ್ತದೆಯೇ ಎಂದು ಕೇಳಿದವರನ್ನು ನಾನು ಕಾಣೆ.

"ಎಷ್ಟ ಗುಣಾ ಕೂಡಿದುವ್ರೀ ಇವತ್ತ?" ಎಂದು ಅವರು ಹೋದ ಮೇಲೆ ಅವ್ವ ಕೇಳುತ್ತಿದ್ದಳು. "ನಾಡಿದೋಷ ಇಲ್ಲಲ್ಲ?"

"ಹುಡುಗಿ ಚಲೋ ಅದಾಳ," ಎನ್ನುತ್ತಿದ್ದ ಅಪ್ಪ, ಹುಡುಗಿ ಎಂದರೆ ಕಾರು, ಹುಡುಗ ಎಂದರೆ ಕಾರ್ಬುರೇಟರು. "ಆದ್ರ ಹುಡುಗ ಹುಟ್ಟಿದ್ದು ಮದವಿ ಆಗಿ ಎರಡ ತಿಂಗಳಿಗೆ."

ಅವ್ವ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. ಅವರಿಬ್ಬರೂ ಆ ಕೊಳಕಿನಲ್ಲಿ ಸುಖವಾಗಿಯೇ ಇದ್ದರು ಎನ್ನುವುದನ್ನು ಹೇಳಬೇಕು. ಹೇಸಿಗೆ ಇದ್ದದ್ದು ನನಗೆ.

ನನಗೂ ಅಲ್ಲಿ ಒಂದು ಕೆಲಸವಿತ್ತು. ಅಪ್ಪನ ಕೈಯಿಂದ ಹೊರಟ ಪ್ರತಿ ಕಾರ್ಬುರೇಟರಿನ ಜೊತೆ ಒಂದು ಕಾಗದ ಹೋಗುತ್ತಿತ್ತು: ಇದು ಯಾವ ವರ್ಷದ್ದು, ನಂಬರೇನು, ಯಾವ ಭಾಗ ಹಳೆಯದು, ಯಾವುದು ಹೊಸದು. ಅಪ್ಪನ ಇಂಗ್ಲಿಷು ಕೆಲಸಕ್ಕೆ ಸಾಕಾಗುವಷ್ಟಿತ್ತು, ಬರವಣಿಗೆಗೆ ಸಾಲದು. ಅವನು ಬೆಂಚಿನ ಬಳಿ ನಿಂತು ಹೇಳುತ್ತಿದ್ದ, ನಾನು ಬರೆದುಕೊಂಡು ಹೋಗಿ ಟೈಪ್ ಮಾಡಿ ತರುತ್ತಿದ್ದೆ. ಅವನು ಓದದೆ ಸಹಿ ಹಾಕುತ್ತಿದ್ದ.

"ಓದಪ್ಪಾ ಒಮ್ಮೆ," ಎಂದರೆ, "ನೀ ಬರದ ಮ್ಯಾಲ ನಾ ಏನ ಓದೂದು?" ಎನ್ನುತ್ತಿದ್ದ.

ಆ ಮಾತು ನನಗೆ ಹಿಡಿಸುತ್ತಿತ್ತು. ಮೂಗು ಮುಚ್ಚಿಕೊಂಡೇ ಆದರೂ ನಾನು ಆ ಕಾಗದಗಳನ್ನು ಒಂದು ಅಕ್ಷರ ತಪ್ಪದ ಹಾಗೆ ಮಾಡುತ್ತಿದ್ದೆ. ಆ ಗ್ಯಾರೇಜಿನಿಂದ ಶುಚಿಯಾಗಿ ಹೊರಬರುವುದು ಅದೊಂದೇ ಎಂದು ನನಗೆ ಅನ್ನಿಸುತ್ತಿತ್ತು.

ನಾನು ಯೂನಿವರ್ಸಿಟಿಯ ಎರಡನೆಯ ವರ್ಷದಲ್ಲಿದ್ದಾಗ, ಎರಡು ಸಾವಿರದ ಇಸವಿ ದಾಟಿ ಸ್ವಲ್ಪ ಕಾಲವಾಗಿತ್ತು, ಯುಗಾದಿಯ ಊಟದಲ್ಲಿ ಅಪ್ಪನಿಗೆ ರಿಚ್ಮಂಡ್ ಹಿಲ್‌ನ ಒಬ್ಬರ ಪರಿಚಯವಾಯಿತು. ಮೈಸೂರಿನವರು, ಸಾಫ್ಟ್‌ವೇರಿನಲ್ಲಿ ದೊಡ್ಡ ಕೆಲಸ. ನಾನು ಅವರನ್ನು ಅಂಕಲ್ ಎಂದೇ ಕರೆಯುತ್ತಿದ್ದೆ. ಅವರು ಅಪ್ಪನನ್ನು ಮಾಸ್ಟರ್ ಎಂದು ಕರೆದರು. ಡಿಗ್ರಿ ಇದ್ದ ಎಂಜಿನಿಯರೊಬ್ಬರು ಐಟಿಐ ಮಾಡಿದ ತನ್ನನ್ನು ಎಲ್ಲರೆದುರು ಹಾಗೆ ಕರೆದದ್ದು ಅಪ್ಪನಿಗೆ ಎಷ್ಟು ನಾಟಿತೆಂದರೆ ಮನೆಗೆ ಬರುವ ದಾರಿಯುದ್ದಕ್ಕೂ ಅವನು ಅದನ್ನೇ ಹೇಳಿದ.

ಜುಲೈಯಲ್ಲಿ ಅಂಕಲ್ ತಮ್ಮ ಕಾರನ್ನೇ ತಂದರು. ಎರಡು ಬಾಗಿಲಿನ, ಉದ್ದ ಮೂತಿಯ ಕಾರು, ಅರವತ್ತರ ದಶಕದ್ದು. ಎಂಜಿನ್ನಿನ ನಂಬರು ಸರಿಯಿತ್ತು, ಅದು ಹೆಚ್ಚು ಶಕ್ತಿಯ ಎಂಜಿನ್ನೇ. ಆದರೆ ಹಿಂದಿನ ಮಾಲೀಕರಲ್ಲಿ ಯಾರೋ ಅದರ ಮೂಲ ಕಾರ್ಬುರೇಟರನ್ನು ತೆಗೆದು ಬೇರೇನೋ ಕೂರಿಸಿದ್ದರು. ಎಂಜಿನ್ನು ಚಾಲೂ ಇಟ್ಟು ನಿಲ್ಲಿಸಿದಾಗ ಎದುರು ಮನೆಯವರು ಕಿಟಕಿ ಹಾಕಿಕೊಂಡರು. ಹೊಗೆ ಮನೆಯ ಪಕ್ಕದಿಂದ ಹಿತ್ತಲಿಗೆ ಹೋಗಿ ಇಳಿಯಿತು. ಅಲ್ಲಿ ಅವ್ವ ಎರಡು ಹಳೆಯ ಸೀರೆ ಹಾಸಿ ಸಂಡಿಗೆ ಇಟ್ಟಿದ್ದಳು. ಅವಳು ನೋಡುವ ಹೊತ್ತಿಗೆ ಅವುಗಳ ಮೇಲೆ ಕಾಡಿಗೆಯಂಥ ಮಸಿ ಕೂತಿತ್ತು. ಜೊತೆಗೆ ಬಂದಿದ್ದ ಅಂಕಲ್ಲಿನ ಹೆಂಡತಿ ನಾಚಿಕೆಪಟ್ಟರು. ಅವ್ವ, "ಇರಲಿ ಬಿಡ್ರಿ, ಎಳ್ಳ ಹಚ್ಚಿದ್ವಿ ಅಂದ್ರಾತು," ಎಂದಳು. ಅವರು ಹೋದ ಮೇಲೆ ಅಷ್ಟನ್ನೂ ಕಸದ ಚೀಲಕ್ಕೆ ಸುರಿದಳು.

"ನಂಗೆ ಸ್ಪೀಡ್ ಬೇಡ ಮಾಸ್ಟರ್," ಎಂದರು ಅಂಕಲ್. "ಫ್ಯಾಕ್ಟರಿ ಬಾಗಿಲಿಂದ ಹೆಂಗೆ ಹೊರಗ್ ಬಂತೋ ಹಂಗೆ ಒಂದ್ಸಲ ನಿಲ್ಸಿ ನೋಡ್ಬೇಕು. ಅಷ್ಟೇ ಆಸೆ. ಆ ಒಂದು ಪೀಸ್ ಸಿಕ್ಬಿಟ್ರೆ ಸಾಕು."

"ದಸರಾದೊಳಗ ಹುಡುಕಿ ಕೊಡ್ತೀನ್ರಿ," ಎಂದ ಅಪ್ಪ.

ಅದು ಸಿಗಲಿಲ್ಲ. ಅಪ್ಪ ಗೊತ್ತಿದ್ದವರಿಗೆಲ್ಲ ಫೋನ್ ಮಾಡಿದ, ಗಡಿ ದಾಟಿ ಅಮೆರಿಕದ ಎರಡು ಹಳೆ ಸಾಮಾನಿನ ಸಂತೆಗಳಿಗೆ ಹೋಗಿ ಬಂದ. ಅದೇ ಎರಕದ, ಸಾಧಾರಣ ಎಂಜಿನ್ನಿನ ಕಾರ್ಬುರೇಟರುಗಳು ಬೇಕಾದಷ್ಟಿದ್ದವು. ಸಿಗಲಿಲ್ಲ ಎಂದು ಹೇಳುವುದು ಒಂದು ವಾಕ್ಯದ ಕೆಲಸ. ತನ್ನನ್ನು ಮಾಸ್ಟರ್ ಎಂದು ಕರೆದವರಿಗೆ ಆ ವಾಕ್ಯ ಹೇಳುವುದು ಅಪ್ಪನಿಂದ ಆಗಲಿಲ್ಲ ಎಂದು ನಾನು ಈಗ ಅಂದುಕೊಳ್ಳುತ್ತೇನೆ.

ಸೆಪ್ಟೆಂಬರಿನ ಒಂದು ಮಧ್ಯಾಹ್ನ ಅವನು ಸೀಸದ ಪಟ್ಟಿಯ ಮೇಲೆ ನಂಬರ್ ಪಂಚು ಇಟ್ಟು ಸುತ್ತಿಗೆಯಿಂದ ಹೊಡೆಯುತ್ತಿದ್ದ. ಒಂದೊಂದು ಅಂಕಿಗೆ ಒಂದೊಂದು ಉಕ್ಕಿನ ಕಡ್ಡಿ. ತುದಿಯಲ್ಲಿ ಅಂಕಿ ಕೊರೆದಿರುತ್ತದೆ. ಪಕ್ಕದಲ್ಲಿ ಅಸಲಿ ಕಾರ್ಬುರೇಟರಿನ ಕತ್ತಿನ ಒಂದು ದೊಡ್ಡ ಫೋಟೋ.

"ನಿನ್ನ ಕಣ್ಣ ಚಲೋ ಅದಾವು. ಎರಡೂ ಒಂದ ಥರಾ ಕಾಣ್ತಾವೇನ ನೋಡು," ಎಂದ.

ನಾನು ನೋಡಿದೆ. "ಇಲ್ಲ. ಫೋಟೋದಾಗ ನಾಕರ ಬಾಲ ಗಿಡ್ಡ ಐತಿ. ಮೂರರ ತಲಿ ಫ್ಲ್ಯಾಟ್ ಐತಿ, ರೌಂಡ್ ಇಲ್ಲ. ಮತ್ತ ಕಡೀ ಅಂಕಿ ಸ್ವಲ್ಪ ಕೆಳಗ ಜಾರೇದ."

"ಶಾಣ್ಯಾಕಿ," ಎಂದು ಅವನು ಪಂಚಿನ ತುದಿಯನ್ನು ಕಲ್ಲಿಗೆ ಹಿಡಿದು ತಿದ್ದತೊಡಗಿದ.

ಯಾಕೆ ಎಂದು ನಾನು ಕೇಳಲಿಲ್ಲ. ಹೊಗಳಿಕೆಯಿಂದ ಖುಷಿಯಾಗಿತ್ತು; ವಾಸನೆಯಿಂದ ಬೇಗ ಹೊರಗೆ ಹೋಗಬೇಕಿತ್ತು. ಎರಡು ವಾರದ ಮೇಲೆ ಕಾರ್ಬುರೇಟರು ಬೆಂಚಿನ ಮೇಲೆ ಬಂಗಾರದ ಬಣ್ಣದಲ್ಲಿ ಹೊಳೆಯುತ್ತ ಕೂತಿತ್ತು. ಕಾರ್ಖಾನೆಯಿಂದ ಹೊರಬಂದಾಗ ಅವಕ್ಕೆ ಅಂಥ ಹಳದಿ ಹೊಳಪು ಇರುತ್ತಿತ್ತಂತೆ. ಅಪ್ಪ ಹೇಳಿದ, ನಾನು ಬರೆದೆ: ನಂಬರು ಮೂಲದ್ದು, ಮೇಲ್ಮೈ ಮುಟ್ಟಿಲ್ಲ. ನಿನಗೆ ಸಿಕ್ಕಿತೇ, ಎಲ್ಲಿ ಸಿಕ್ಕಿತು ಎಂದು ಕೂಡ ನಾನು ಕೇಳಲಿಲ್ಲ. ಅವನು ಸಹಿ ಹಾಕಿದ.

ಖಂಡೇನವಮಿಯ ಹಿಂದಿನ ದಿನ ಅಪ್ಪ ಕೆಲಸಕ್ಕೆ ಹೋಗಿದ್ದ. ನಮ್ಮಲ್ಲಿ ಆ ಹಬ್ಬಕ್ಕೆ ಕೆಲಸದ ಸಾಮಾನುಗಳನ್ನೆಲ್ಲ ತೊಳೆದು, ಒರೆಸಿ, ಸಾಲಾಗಿಟ್ಟು ಕುಂಕುಮ ಹಚ್ಚುತ್ತಾರೆ. ಅವ್ವ ಪ್ರತಿ ವರ್ಷ ಅಪ್ಪನ ಪಾನಾ, ಸುತ್ತಿಗೆ, ವರ್ನಿಯರುಗಳನ್ನು ತಾನೇ ಒರೆಸಿಡುತ್ತಿದ್ದಳು. ನಾನು ಮಧ್ಯಾಹ್ನ ಕ್ಲಾಸು ಮುಗಿಸಿ ಬಂದಾಗ ಅವಳು ಬೇಸ್‌ಮೆಂಟಿನಿಂದ ಕರೆದಳು. ಬಟ್ಟೆ ಒಗೆಯುವ ತೊಟ್ಟಿಯ ಮುಂದೆ ಸೆರಗು ಸಿಕ್ಕಿಸಿ ನಿಂತಿದ್ದಳು. ತೊಟ್ಟಿಯಲ್ಲಿ ಬಿಸಿನೀರು, ಹುಣಸೆಹಣ್ಣಿನ ಕಿವುಚು, ಉಪ್ಪು. ಅವಳ ಕೈಯಲ್ಲಿ ತಿಕ್ಕುವ ಬ್ರಷ್ಷು. ಅಂಚಿನಲ್ಲಿ ಅದಾಗಲೇ ತೊಳೆದ ದೀಪದ ಸಮೆ, ಆರತಿ ತಟ್ಟೆ, ಗಂಟೆ ಬೆಳಗುತ್ತಿದ್ದವು. ನೀರಿನೊಳಗೆ ಕಾರ್ಬುರೇಟರು.

"ಹಿತ್ತಾಳಿ ಅಂತ ತಿಳದೆ," ಎಂದಳು. "ದೇವರ ಸಾಮಾನಿನ ಗತೆ ಫಳಾಫಳಾ ಮಾಡಿಟ್ರ ನಿಮ್ಮಪ್ಪ ಬಂದು ನೋಡಿ ಖುಷಿ ಆಗ್ತಾನ ಅಂತ. ಇದೇನವ್ವಾ, ಬಂಗಾರ ಹೋಗಿ ಬೂದಿ ಆತು?"

ಹಳದಿಯೆಲ್ಲ ಹೋಗಿತ್ತು. ನಾನು ಅದನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದೆ. ಹುಣಸೆ ಮತ್ತು ಹಳೆಯ ಪೆಟ್ರೋಲಿನ ವಾಸನೆ ಒಟ್ಟಾಗಿ ಬಂತು. ಇಡೀ ಮೈ ಒಂದೇ ತೆರನಾದ ತಿಳಿ ಬೂದು. ಕತ್ತಿನ ಮೇಲೆ ಮಾತ್ರ, ಅಂಕಿಗಳ ಸುತ್ತ, ಬೆರಳಗಲದ ಒಂದು ಕಪ್ಪು ತೇಪೆ. ಬೇರೆ ಏನನ್ನೋ ತುಂಬಿ, ಉಜ್ಜಿ ಸಮ ಮಾಡಿದ ತೇಪೆ. ಬ್ರಷ್ಷಿಗೆ ಅದರ ಒಂದು ಮೂಲೆ ಕಿತ್ತು ಬಂದಿತ್ತು, ಅಲ್ಲಿ ಹಳೆಯ ಅಂಕಿಯೊಂದರ ಅರ್ಧ ಬಳುಕು ಕಾಣುತ್ತಿತ್ತು. ಅದರ ಪಕ್ಕದಲ್ಲೇ ಗಿಡ್ಡ ಬಾಲದ ನಾಲ್ಕು. ನಾನು ಹೇಳಿಕೊಟ್ಟ ನಾಲ್ಕು.

"ಹಾಳಾತೇನ?" ಎಂದಳು ಅವ್ವ.

"ಗೊತ್ತಿಲ್ಲ," ಎಂದೆ.

ಅಪ್ಪ ನಾಲ್ಕು ಗಂಟೆಗೆ ಬಂದ. ಅವ್ವ ಅದನ್ನು ಟವೆಲಿನ ಮೇಲಿಟ್ಟುಕೊಂಡು ಅಡುಗೆಮನೆಯಲ್ಲಿ ನಿಂತಿದ್ದಳು, ನಡೆದದ್ದನ್ನು ತಾನೇ ಹೇಳಿದಳು. ಅಪ್ಪ ಅದನ್ನು ತಿರುಗಿಸಿ ಕತ್ತಿನ ಕಡೆ ನೋಡಿದ. ಒಂದು ಕ್ಷಣ, ಇದು ಹೋಯಿತು, ಇನ್ನು ನಿಜ ಹೇಳಿ ಮುಗಿಸುತ್ತಾನೆ ಎಂದುಕೊಂಡೆ.

"ಮೂವತ್ತು ವರ್ಷ ಇದಕ್ಕ ಯಾರ ಕೈನೂ ಹತ್ತಿದ್ದಿಲ್ಲ," ಎಂದ ಅವನು. "ಅಸಲಿ ಮಾಲು. ನೀ ಅರ್ಧಾ ತಾಸಿನ್ಯಾಗ ತೊಳದಿ."

ದನಿ ಏರಿಸಲಿಲ್ಲ. ಏರಿಸಿದ್ದರೆ ಅವ್ವ ತಿರುಗಿ ಮಾತಾಡುತ್ತಿದ್ದಳೇನೋ. ಅವಳು ಟವೆಲನ್ನು ಮಡಚಿದಳು. ಅಪ್ಪ ನನ್ನ ಕಡೆ ನೋಡದೆ ಗ್ಯಾರೇಜಿಗೆ ಹೋದ. ಇಲಿಮರಿಗಳನ್ನು ಕಂಡಾಗ ಬಂದ ಹೇಸಿಗೆಯೇ ಆಗ ಮತ್ತೆ ಬಂತು. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ.

ಮರುದಿನ ಅವ್ವ ದೇವರಿಗೆ ದೀಪ ಹಚ್ಚಿದಳು, ಸಾಮಾನುಗಳನ್ನು ಪೂಜಿಸಲಿಲ್ಲ. "ನನ್ನ ಕೈ ಹತ್ತೂದ ಬ್ಯಾಡ," ಎಂದಳು. ಹಬ್ಬಕ್ಕೆ ಮಾಡಿದ ಹೋಳಿಗೆಯನ್ನು ನಮಗೆ ಬಡಿಸಿ ತಾನು ಅನ್ನ ಮಜ್ಜಿಗೆ ಕಲಸಿಕೊಂಡಳು. ರಿಚ್ಮಂಡ್ ಹಿಲ್‌ಗೆ ಫೋನ್ ಮಾಡಿ ಅಂಕಲ್ಲಿನ ಹೆಂಡತಿಯ ಹತ್ತಿರ, ನನ್ನಿಂದ ತಪ್ಪಾತ್ರೀ, ನಿಮ್ಮ ಯಜಮಾನರ ಆಸೆ ನಾ ಹಾಳ ಮಾಡಿದೆ ಎಂದು ಎರಡು ಸಲ ಹೇಳಿದ್ದು ಮೆಟ್ಟಿಲ ಮೇಲೆ ಕೂತಿದ್ದ ನನಗೆ ಕೇಳಿಸಿತು. ಆಮೇಲೆ ಅವಳು ಹಿತ್ತಾಳೆ ತೊಳೆಯುವುದನ್ನೇ ಬಿಟ್ಟಳು. ವಾರ ಕಳೆಯಿತು, ಎರಡು ವಾರ ಕಳೆಯಿತು. ಎಣ್ಣೆ ಇಳಿದು ಸಮೆಗಳು ಕಪ್ಪಾದವು. ನಾನು ಹುಟ್ಟಿದಾಗಿನಿಂದ ಅವಳ ದೇವರ ಸಾಮಾನು ಕಪ್ಪಾದದ್ದನ್ನು ಕಂಡಿರಲಿಲ್ಲ.

ಮೂರನೆಯ ದಿನವೇ ನಾನು ಗ್ಯಾರೇಜಿಗೆ ಹೋಗಿದ್ದೆ. ಅಪ್ಪ ಕಿತ್ತ ತೇಪೆಯನ್ನು ಮತ್ತೆ ತುಂಬುತ್ತಿದ್ದ.

"ಅವ್ವಗ ಹೇಳು," ಎಂದೆ.

"ಏನ ಹೇಳೂದು?"

"ಅಪ್ಪಾ, ಐ ಸಾ ದಿ ನಂಬರ್. ಅವ್ವ ಏನೂ ಹಾಳ ಮಾಡಿಲ್ಲ. ಹಾಳ ಆಗೂವಂಥಾದ್ದು ಅದರಾಗ ಏನೂ ಇದ್ದಿದ್ದಿಲ್ಲ."

ಅವನು ಉಜ್ಜುತ್ತಿದ್ದ ಅರವನ್ನು ಕೆಳಗಿಟ್ಟ. "ಒಳಗಿನ ಅಳತಿ ಎಲ್ಲಾ ಅದರದ ಮಾಡೀನಿ. ಪೆಟ್ರೋಲ್ ಬಿಡೂ ಜೆಟ್ಟು ಅದರದ, ಸ್ಪ್ರಿಂಗು ಅದರದ. ಅವರ ಎಂಜಿನ್ನಿಗೆ ಫರಕ ಗೊತ್ತಾಗೂದಿಲ್ಲ. ಫ್ಯಾಕ್ಟರಿಯಾಂವ ಹೊಡದ್ರ ಖರೆ, ನಾ ಹೊಡದ್ರ ಸುಳ್ಳೇನ?"

ಆ ಭಾನುವಾರದ ಗಂಡಸರ ನಂಬರಿನ ಹುಚ್ಚು ನನಗೂ ಅಸಹ್ಯವೇ. ಆದರೆ ನಾನು ಕೇಳಿದ್ದು ಅದಲ್ಲ.

"ಅವ್ವ ಹೋಳಿಗಿ ಮುಟ್ಟಿಲ್ಲ," ಎಂದೆ.

"ನಾಕ ದಿನಕ್ಕ ಮರೀತಾಳ ತಗೋ."

ನಾನು ಅಲ್ಲಿಂದ ನೇರ ಅವ್ವನ ಹತ್ತಿರ ಹೋಗಬಹುದಿತ್ತು. ಹೋಗಲಿಲ್ಲ. ಹೇಳಿದರೆ ಅಂಕಿಯ ಬಾಲವನ್ನು ಯಾರು ಹೇಳಿಕೊಟ್ಟರು, ಮೂಲದ್ದು ಎಂದು ಯಾರು ಟೈಪ್ ಮಾಡಿದರು ಎನ್ನುವುದನ್ನೂ ಹೇಳಬೇಕಿತ್ತು. ಎರಡು ವಾರಕ್ಕೂ ಮೇಲೆ ನಾನು ಅವಳ ಕಪ್ಪಾದ ಸಮೆಯ ಮುಂದೆ ದಿನಾ ಹಾದುಹೋದೆ. ಅಪ್ಪನ ಮೇಲೆ ಬಂದ ಹೇಸಿಗೆಗೆ ಕಾರಣ ಕೊಡಬಲ್ಲೆ. ನನ್ನ ಮೇಲೆ ಬಂದದ್ದು ಕೋಟಿನ ವಾಸನೆಯ ಹಾಗೆ ನನಗೇ ಅಂಟಿಕೊಂಡಿತ್ತು.

ಕಾರ್ಬುರೇಟರಿಗೆ ಮತ್ತೆ ಹಳದಿ ಬಂತು. ಅಂಕಲ್ ಭಾನುವಾರ ಬರುವವರಿದ್ದರು. ಶನಿವಾರ ಬೆಳಿಗ್ಗೆ ಅಪ್ಪ, "ಕಾಗದ ಮತ್ತ ಬರಿ. ಮುಟ್ಟಿಲ್ಲ ಅನ್ನೂದ ತಗದು, ಸ್ವಚ್ಛ ಮಾಡಿ ಬಣ್ಣಾ ಮಾಡಿದ್ದು ಅಂತ ಹಾಕು. ನಂಬರ್ ಮೂಲದ್ದು ಅಂತ ಇರಲಿ," ಎಂದ.

ನಾನು ಬರೆದೆ. ನಾಲ್ಕು ವಾಕ್ಯ. ಇದು ಸಾಧಾರಣ ಎಂಜಿನ್ನಿನ ಕಾರ್ಬುರೇಟರು. ಒಳಗಿನ ಅಳತೆಗಳನ್ನು ಹೆಚ್ಚು ಶಕ್ತಿಯ ಎಂಜಿನ್ನಿನ ಅಳತೆಗೆ ತಂದಿದೆ, ಆ ಕೆಲಸ ಸರಿಯಾಗಿದೆ. ಕತ್ತಿನ ಮೇಲಿನ ನಂಬರನ್ನು ಈ ವರ್ಷ ಸೆಪ್ಟೆಂಬರಿನಲ್ಲಿ ಈ ಮನೆಯಲ್ಲಿ ಗುದ್ದಲಾಯಿತು, ಅಂಕಿಗಳ ಆಕಾರ ನೋಡಿ ತಿದ್ದಿದವಳು ಮಗಳು. ಅಕ್ಟೋಬರಿನಲ್ಲಿ ತೊಳೆದದ್ದರಿಂದ ಮೂಲದ್ದೇನೂ ಹಾಳಾಗಿಲ್ಲ.

ಪ್ರಿಂಟ್ ತೆಗೆದು ಗ್ಯಾರೇಜಿಗೆ ಒಯ್ದೆ. ಅಪ್ಪ ಒಂದು ಕೈಯಲ್ಲಿ ಪಾನಾ ಹಿಡಿದೇ ಇನ್ನೊಂದು ಕೈಯಲ್ಲಿ ಪೆನ್ನು ತೆಗೆದುಕೊಂಡ. "ಓದಪ್ಪಾ," ಎಂದೆ. ಎಂದಿನ ಹಾಗೆಯೇ ಎಂದೆ, ಅವನು ಎಂದಿನ ಹಾಗೆಯೇ ನಕ್ಕು ಸಹಿ ಹಾಕಿದ. ನನ್ನ ಮೇಲೆ ಅವನಿಗಿದ್ದ ನಂಬಿಕೆ ಅಂಕಲ್ಲಿಗೆ ಅವನ ಮೇಲಿದ್ದ ನಂಬಿಕೆಯಂಥದೇ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಕಾಗದವನ್ನು ಮಡಚಿ ಲಕೋಟೆಗೆ ಹಾಕಿದೆ.

ಭಾನುವಾರ ಅಂಕಲ್ ಮತ್ತು ಅವರ ಹೆಂಡತಿ ಬಂದರು. ಬಾಗಿಲಲ್ಲೇ ಬೂಟು ಕಳಚಿದರು. ಅವ್ವ ಚಹಾ, ಚುರುಮುರಿ ತಂದಿಟ್ಟು ನಿಂತೇ ಇದ್ದಳು.

"ನಿಮಗ ಮಾರಿ ತೋರಸಾಕ ನಾಚಿಗಿ ಆಗ್ತೈತ್ರಿ," ಎಂದಳು. "ಹುಚ್ಚಿ ಗತೆ ಹುಣಚಿಹಣ್ಣ ಹಾಕಿ ತಿಕ್ಕಿಬಿಟ್ಟೆ."

"ಅಯ್ಯೋ ಬಿಡೀಮ್ಮಾ," ಎಂದರು ಅಂಕಲ್. "ನಮ್ಮಮ್ಮ ಆಗಿದ್ರೆ ಕಾರನ್ನೇ ತೊಳ್ದಿರೋರು. ಬಣ್ಣ ಹೋದ್ರೆ ಹೋಯ್ತು, ಮಾಸ್ಟರ್ ಮತ್ತೆ ಮಾಡಿದಾರಲ್ಲ. ನಂಬರ್ ಇದೆಯಲ್ಲ, ಅದು ಮುಖ್ಯ."

ಅಪ್ಪ ಕಾರ್ಬುರೇಟರನ್ನು ಮೇಜಿನ ಮೇಲಿಟ್ಟು, ಲಕೋಟೆಯನ್ನು ಅವರ ಕಡೆ ಸರಿಸಿದ. ಅವರು ಕಾಗದ ತೆಗೆದು ಓದಿದರು. ಅವರ ಕಣ್ಣು ಕೆಳಗಿನ ತನಕ ಹೋಗಿ ಮತ್ತೆ ಮೇಲಕ್ಕೆ ಬಂತು. ನಾನು ಚಹಾದ ಲೋಟಗಳನ್ನು ಎಣಿಸುತ್ತ ನಿಂತಿದ್ದೆ, ಐದೇ ಇದ್ದವು. ಅವರು ಕಾಗದವನ್ನು ಅದರ ಮಡಿಕೆಯಲ್ಲೇ ಮಡಚಿ ಕಿಸೆಯಲ್ಲಿ ಇಟ್ಟುಕೊಳ್ಳದೆ ಅಪ್ಪನ ಮುಂದೆ ಇಟ್ಟರು.

"ಮಾಸ್ಟರ್, ಇದನ್ನ ಒಂದ್ಸಲ ನೀವೂ ಓದ್ಬಿಡಿ," ಎಂದರು. ಆಮೇಲೆ ಅವ್ವನ ಕಡೆ ತಿರುಗಿ, "ಅಮ್ಮಾ, ನೀವು ಏನೂ ಹಾಳು ಮಾಡಿಲ್ಲ. ನಂಬರು ಆಮೇಲೆ ಹಾಕಿದ್ದಂತೆ. ನೀವು ತೊಳೆದದ್ದು ಒಳ್ಳೇದೇ ಆಯ್ತು. ಕೂತ್ಕೊಳ್ಳಿ," ಎಂದರು.

ಅವ್ವ ಕೂರಲಿಲ್ಲ. ಅಪ್ಪನನ್ನು ನೋಡಿದಳು. ಅಪ್ಪ ಕನ್ನಡಕ ಹುಡುಕುತ್ತ ಅಂಗಿಯ ಕಿಸೆ ತಟ್ಟುತ್ತಿದ್ದ. ಕನ್ನಡಕ ಅವನ ತಲೆಯ ಮೇಲಿತ್ತು. ಅವನೇ ಕೊನೆಗೆ ಕಂಡುಕೊಂಡು ಓದಿದ. ಅಂಕಲ್ ಚಹಾ ಪೂರ್ತಿ ಕುಡಿದರು, ಚುರುಮುರಿ ಚೆನ್ನಾಗಿದೆ ಎಂದರು, ಕಾರ್ಬುರೇಟರನ್ನು ಬಿಟ್ಟು ಹೋದರು. ಆಮೇಲೆ ಅವರು ನಮ್ಮ ಮನೆಗೆ ಬರಲಿಲ್ಲ. ಮುಂದಿನ ಯುಗಾದಿಯ ಊಟದಲ್ಲಿ ಸಿಕ್ಕಾಗ ಅಪ್ಪನನ್ನು ಸಾರ್ ಎಂದು ಕರೆದರು.

ಅವರ ಕಾರು ತಿರುವು ದಾಟಿತು. ಮೊದಲು ಮಾತಾಡಿದವಳು ಅವ್ವ, ಅದೂ ನನಗೆ.

"ಮಂದೀ ಮುಂದ ಅಪ್ಪನ್ನ ಹಂಗ ಮಾಡಬಾರದಿತ್ತು ನೀ."

"ಅವ ನಿನ್ನ..."

"ನನಗ ಗೊತ್ತಾತು. ನನಗ ಹೇಳಬೇಕಿತ್ತು. ಅವತ್ತ, ತೊಟ್ಟಿ ಮುಂದ ನಿಂತಾಗ ಕೇಳಿದ್ನೆಲ್ಲ, ಹಾಳಾತೇನ ಅಂತ. ಗೊತ್ತಿಲ್ಲ ಅಂದಿ." ಅವಳು ಲೋಟಗಳನ್ನು ಒಂದರೊಳಗೊಂದು ಇಟ್ಟಳು. ಆಮೇಲೆ ಅಪ್ಪನ ಕಡೆ ತಿರುಗಿದಳು. "ನೀವಂತೂ ಮಾತಾಡಬ್ಯಾಡ್ರಿ. ಇಪ್ಪತ್ತ ದಿನಾ ನಾ ಹೆಂಗ ಇದ್ದೆ ಅನ್ನೂದನ್ನ ನೋಡ್ಕೋತ ಕುಂತ್ರಿ."

ಅಪ್ಪ ಕಾಗದವನ್ನು ಇನ್ನೊಮ್ಮೆ ಓದಿದ. "ಸಹಿ ನಂದ ಐತಿ," ಎಂದಷ್ಟೇ ಹೇಳಿ ಅದನ್ನೂ ಕಾರ್ಬುರೇಟರನ್ನೂ ಎತ್ತಿಕೊಂಡು ಒಳಗೆ ಹೋದ.

ಮರುದಿನ ಬೆಳಿಗ್ಗೆ ನಾನು ಬಸ್ಸಿಗೆ ಹೊರಟಾಗ ಸಿಂಕಿನ ಪಕ್ಕ ಬಟ್ಟಲಿನಲ್ಲಿ ಹುಣಸೆಹಣ್ಣು ನೆನೆಯುತ್ತಿತ್ತು. ಸಂಜೆ ಬರುವಷ್ಟರಲ್ಲಿ ಸಮೆಗಳು ಬೆಳ್ಳಗೆ ಬೆಳಗಿದ್ದವು. ಅವ್ವ ನನ್ನೊಡನೆ ಇನ್ನೂ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಅಪ್ಪನೊಡನೆ ಮಾತಾಡಲು ಇನ್ನೂ ಹೆಚ್ಚು ದಿನ ಹಿಡಿಯಿತು. ಮುಂದಿನ ಖಂಡೇನವಮಿಗೆ ಅವಳು ಪಾನಾ ಸುತ್ತಿಗೆಗಳನ್ನು ಒರೆಸಿದಳು; ನಂಬರ್ ಪಂಚುಗಳ ಪೆಟ್ಟಿಗೆಯನ್ನು ಮಾತ್ರ ಪೂಜೆಯ ಸಾಲಿನಿಂದ ಹೊರಗಿಟ್ಟಳು. ಅಪ್ಪ ಅದನ್ನು ನೋಡಿ, ಎತ್ತಿ ಕಪಾಟಿನ ಮೇಲಿನ ಅರೆಗೆ ಹಾಕಿದ.

ಕಾರ್ಬುರೇಟರುಗಳು ಬರುತ್ತಲೇ ಇದ್ದವು, ಕಾಗದ ಬರೆಯುವವಳೂ ನಾನೇ. ಬದಲಾದದ್ದು ಒಂದೇ. ಅಪ್ಪ ಓದತೊಡಗಿದ. ಕನ್ನಡಕ ಹಾಕಿ, ಸಾಲಿನ ಕೆಳಗೆ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತ, ಒಂದು ಪುಟಕ್ಕೆ ಹತ್ತು ನಿಮಿಷ. ಕಾರ್ಬುರೇಟರಿನ ಕಾಗದ ಮಾತ್ರವಲ್ಲ, ನಾನು ಮುಂದೆ ತಂದ ಪ್ರತಿ ಕಾಗದವನ್ನೂ. ಡಿಗ್ರಿ ಮುಗಿಸಿ ಬೇರೆ ಮನೆ ಬಾಡಿಗೆಗೆ ಹಿಡಿದಾಗ ಅರ್ಜಿಗೆ ಜಾಮೀನಾಗಿ ಅವನ ಸಹಿ ಬೇಕಿತ್ತು. ಬೆಂಚಿನ ಬಳಿ ನಿಂತು, ಮೂಗು ಮುಚ್ಚದೆ, ನಾನು ಕಾದೆ. ಎಲ್ಲಿ ಏನು ಅಡಗಿಸಿದ್ದೇನೋ ಎನ್ನುವ ಹಾಗೆ ಅವನು ಒಂದೊಂದು ಸಾಲನ್ನೂ ಓದಿದ. ಓದಿ, ಪುಟದ ಕೊನೆಯಲ್ಲಿ ಬೆರಳು ನಿಲ್ಲಿಸಿ, "ಇಷ್ಟೇ ಐತಲ್ಲ?" ಎಂದು ಕೇಳಿದ.

"ಇಷ್ಟೇ ಅಪ್ಪಾ," ಎಂದೆ.

ಸಹಿಯ ಪಕ್ಕದಲ್ಲಿ ಅವನ ಬೆರಳಿನ ಕಂದು ಗುರುತು ಉಳಿಯಿತು. ಇನ್ನೊಂದು ಪ್ರತಿ ತೆಗೆದು ಮತ್ತೆ ಸಹಿ ಹಾಕಿಸಬಹುದಿತ್ತು. ಹಾಗೆ ಮಾಡಿದ್ದರೆ ಅವನು ಮತ್ತೆ ಹತ್ತು ನಿಮಿಷ ಓದುತ್ತಿದ್ದ. ನಾನು ಗುರುತಿದ್ದ ಕಾಗದವನ್ನೇ ಹಾಗೆಯೇ ಕಳಿಸಿದೆ.